ನಕಲಿಸಿ ಅಥವಾ ಸ್ಥಳಾಂತರಿಸಿ

"ಜಾಗ ಇಲ್ಲ ಅಂತಿದೆ ಕಣೇ," ಎಂದು ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ಪಾತ್ರೆ ತೊಳೆಯುತ್ತಿದ್ದ ಮಗಳ ಕೈಯಲ್ಲಿದ್ದ ಲೋಟ ಜಾರಿ ತೊಟ್ಟಿಗೆ ಬಿತ್ತು; ಒಡೆಯಲಿಲ್ಲ, ಸದ್ದು ಮಾತ್ರ ಮನೆ ತುಂಬ ಆಯಿತು. ಅದು ಫೋನಿನ ಮಾತು ಎಂದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ನಿನ್ನೆ ಸಂಜೆ ಬಾಲ್ಕನಿಯ ಬಾಗಿಲು ಎಳೆದುಕೊಂಡು, ಹಲ್ಲು ಕಚ್ಚಿ, ತಮ್ಮನಿಗೆ ಅದೇ ಎರಡು ಪದಗಳನ್ನು ಹೇಳಿದ್ದವಳು ಅವಳೇ: ಜಾಗ ಇಲ್ಲ ಕಣೋ, ಮನೇಲೂ ಜಾಗ ಇಲ್ಲ, ನನ್ನ ತಲೇಲೂ ಜಾಗ ಇಲ್ಲ. ಅಮ್ಮ ಕೇಳಿಸಿಕೊಂಡುಬಿಟ್ಟಳೇ ಎಂದು ಗಾಬರಿಯಾಯಿತು. ಕೇಳಿಸಿಕೊಂಡಿದ್ದರೂ ಬೆಳಗಾಗುವಷ್ಟರಲ್ಲಿ ಮರೆತಿರುತ್ತಾಳೆ ಎಂದು ಮರುಕ್ಷಣ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಹಾಯೆನಿಸಿತು. ಸಿಟ್ಟು ಅವಳಿಗೆ ರೂಢಿಯಾದ ಜಾಗ. "ಒಂದು ದಿನ ಫೋಟೋ ಹಿಡೀದಿದ್ರೆ ಪ್ರಪಂಚ ಮುಳುಗಲ್ಲಮ್ಮ," ಎಂದಳು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. "ಬೆಳಗ್ಗಿಂದ ಒಂದೂ ಹಿಡೀತಿಲ್ಲ. ಇವತ್ತೇ ಬೇಕು ಕಣೇ. ಇವತ್ತು ಬರ್ತಾರಲ್ಲ, ಅವರು…" ಎಂದು ಪದಕ್ಕಾಗಿ ತಡಕಾಡಿದಳು. ಡಾಕ್ಟರು ಎಂಬ ಪದ ಮಗಳ ನಾಲಿಗೆಯ ತುದಿಯಲ್ಲೇ ಇತ್ತು. ಎತ್ತಿ ಕೊಡಲಿಲ್ಲ. ಪರೀಕ್ಷೆಯಲ್ಲಿ ಹೇಳಿಕೊಡಬಾರದು ಎಂದು ಕಲಿಸಿದವಳು ಅಮ್ಮನೇ ತಾನೆ.

ಮಧ್ಯಾಹ್ನ ತಮ್ಮ ಕರೆದುಕೊಂಡು ಬರಲಿದ್ದದ್ದು ಮರೆವಿನ ಡಾಕ್ಟರನ್ನು. ಅದಕ್ಕೆಂದೇ ಅವಳು ಕೆಲಸಕ್ಕೆ ರಜೆ ಹಾಕಿದ್ದಳು. ಊರಾಚೆಗೆ, ಅಮ್ಮನಂಥವರನ್ನು ನೋಡಿಕೊಳ್ಳುವ ಒಂದು ಮನೆಯಿತ್ತು. ಕಿಟಕಿಗಳು ದೊಡ್ಡವು, ನೆಲ ಜಾರುವುದಿಲ್ಲ, ಗೇಟಿಗೆ ಒಳಗಿನಿಂದ ಚಿಲಕವಿಲ್ಲ. ಅದರ ಹೆಸರು ಹೇಳಲು ಇಬ್ಬರಿಗೂ ನಾಲಿಗೆ ಬರುತ್ತಿರಲಿಲ್ಲವಾದ್ದರಿಂದ ಅಕ್ಕತಮ್ಮಂದಿರು ಅದನ್ನು 'ಆ ಜಾಗ' ಎನ್ನುತ್ತಿದ್ದರು. ಅಮ್ಮನನ್ನು ಅಲ್ಲಿಗೆ ಕಳಿಸುವುದಕ್ಕೆ ತಮ್ಮ ಒಪ್ಪುತ್ತಿರಲಿಲ್ಲ. ಅವನು ಇರುವುದು ಬೇರೆ ಊರಿನಲ್ಲಿ, ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುತ್ತಾನೆ, ಅಮ್ಮ ಪಾಠ ಒಪ್ಪಿಸಿದ ಹಾಗೆ ದಿನವನ್ನು ಒಪ್ಪಿಸುತ್ತಾಳೆ: ಬೆಳಗ್ಗೆ ಮಾತ್ರೆ ತಗೊಂಡೆ, ಪೇಪರಿನಲ್ಲಿ ಸೇತುವೆ ಕುಸಿದ ಸುದ್ದಿ ಇತ್ತು, ನೆಲ ಒರೆಸುವವಳು ನೀಲಿ ಸೀರೆ ಉಟ್ಟುಕೊಂಡು ಬಂದಿದ್ದಳು, ಗ್ಯಾಸ್ ಆಫ್ ಮಾಡಿದ್ದೇನೆ. ಒಂದೂ ತಪ್ಪಿಲ್ಲ. ಅವಳಾದರೋ ಅದೇ ತಮ್ಮನಿಗೆ, ಅಮ್ಮ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾಳೆ, ರಾತ್ರಿ ಎದ್ದು ಶಾಲೆಗೆ ಹೊರಡುತ್ತಾಳೆ, ಹೋದ ತಿಂಗಳು ಗ್ಯಾಸು ಉರಿಯುತ್ತಲೇ ಇತ್ತು ಎನ್ನುತ್ತಾಳೆ. "ನಂಜೊತೆ ಚೆನ್ನಾಗೇ ಮಾತಾಡ್ತಾಳಲ್ಲಕ್ಕ," ಎಂದಿದ್ದ ಅವನು, ಮೆಲ್ಲಗೆ, ಅವಳನ್ನು ನೋಯಿಸಬಾರದೆಂಬ ಎಚ್ಚರದಿಂದ, ಮತ್ತು ಆ ಎಚ್ಚರವೇ ಕೆನ್ನೆಗೆ ಬಾರಿಸಿದ ಹಾಗಿತ್ತು. ಹೆತ್ತ ತಾಯಿಯನ್ನು ಸಾಗಹಾಕಲು ಸುಳ್ಳು ಹೇಳುವ ಮಗಳು. ಗಂಡ ಈ ವಿಷಯದಲ್ಲಿ ಏನೂ ಹೇಳುತ್ತಿರಲಿಲ್ಲ. ಹೇಳದೆ ಇರುವುದನ್ನೇ ದೊಡ್ಡ ಉಪಕಾರವೆಂಬಂತೆ ಊಟದ ಹೊತ್ತಿನಲ್ಲಿ ಮಾಡಿ ತೋರಿಸುತ್ತಿದ್ದ. ಕೊನೆಗೆ ತಮ್ಮನೇ ಒಂದು ತೀರ್ಮಾನಕ್ಕೆ ಬಂದ. ಡಾಕ್ಟರು ಬರಲಿ, ಅಮ್ಮನನ್ನು ಮಾತಾಡಿಸಲಿ. ಇವತ್ತಿನದು ಇವತ್ತು ನೆನಪಿದ್ದರೆ ಅಮ್ಮ ಇಲ್ಲೇ ಇರುತ್ತಾಳೆ, ಅಕ್ಕ ಮತ್ತೆ ಈ ಮಾತು ಎತ್ತಬಾರದು. ಇಲ್ಲದಿದ್ದರೆ ಆ ಜಾಗ.

ಮೇಜಿನ ಡ್ರಾಯರಿನಲ್ಲಿ ಗಂಡನ ಹಳೆಯ ಮೆಮೊರಿ ಕಾರ್ಡೊಂದು ಇತ್ತು, ಕಿರುಬೆರಳಿನ ಉಗುರಿನಷ್ಟು. ಅಮ್ಮನ ಸೆರಗಿನ ಪಿನ್ನನ್ನೇ ಕೇಳಿ ತೆಗೆದುಕೊಂಡು ಫೋನಿನ ಪಕ್ಕದ ಸಣ್ಣ ತೂತಿಗೆ ಚುಚ್ಚಿದಳು. ತಟ್ಟೆಯಂಥದ್ದು ಹೊರಗೆ ಬಂತು, ಕಾರ್ಡನ್ನು ಅದರಲ್ಲಿ ಕೂರಿಸಿ ಒಳಗೆ ತಳ್ಳಿದಳು. ಅಮ್ಮ ಎದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಅವಳ ಕೈಯನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ಇವಳನ್ನು ಹದ್ದು ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಅಮ್ಮ ಹದ್ದು ಟೀಚರು, ಅದೇ ಶಾಲೆಯಲ್ಲಿ ಓದುತ್ತಿದ್ದ ಅವಳು ಹದ್ದಿನ ಮರಿ. "ಏನೂ ಅಳಿಸಬೇಡ," ಎಂದಳು ಅಮ್ಮ. "ಅಳಿಸಲ್ಲ. ಫೋನಿನ ಒಳಗಿರೋದನ್ನ ಕಾರ್ಡಿಗೆ ಹಾಕ್ತೀನಿ, ಒಳಗೆ ಜಾಗ ಆಗತ್ತೆ. ಇಲ್ಲೇ ಇರತ್ತೆ ಎಲ್ಲಾ." "ನೋಡಬೇಡ." "ನೋಡ್ದೆ ಹೇಗಮ್ಮ ಮಾಡೋದು? ಹೋಗು, ಸ್ನಾನ ಮಾಡ್ಕೊಂಡು ಬಾ. ನೀರು ಕಾದಿದೆ." ಅಮ್ಮ ಎದ್ದಳು, ಎರಡು ಹೆಜ್ಜೆ ಇಟ್ಟಳು, ತಿರುಗಿ ನೋಡಿದಳು. ಮುಖದಲ್ಲಿ ಅವಳು ಯಾವತ್ತೂ ಕಾಣದ ಒಂದು ದೈನ್ಯವಿತ್ತು. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು, ಅಮ್ಮನ ಮುಖದಲ್ಲಲ್ಲ, ಇನ್ನೆಲ್ಲೋ. ಬಚ್ಚಲ ಬಾಗಿಲು ಹಾಕಿದ ಸದ್ದಾದ ಮೇಲೆ ಅವಳು ಫೋಟೋಗಳನ್ನು ತೆರೆದಳು.

ಮೊದಲಿಗೆ ಏನೆಂದೇ ತಿಳಿಯಲಿಲ್ಲ. ಗ್ಯಾಸ್ ಒಲೆಯ ಗುಂಡಿ. ಮತ್ತೆ ಗ್ಯಾಸ್ ಒಲೆಯ ಗುಂಡಿ. ಮುಂಬಾಗಿಲ ಚಿಲಕ. ಒಂದು ಗುಳಿ ಬರಿದಾದ ಮಾತ್ರೆಯ ಪಟ್ಟಿ, ಪಕ್ಕದಲ್ಲಿ ಖಾಲಿ ಲೋಟ. ಉಂಡ ತಟ್ಟೆ. ಪೇಪರಿನ ಮೊದಲ ಪುಟ. ನೆಲ ಒರೆಸುವವಳ ಬೆನ್ನು, ನೀಲಿ ಸೀರೆ. ಮತ್ತೆ ಗುಂಡಿ, ಚಿಲಕ, ಮಾತ್ರೆ, ತಟ್ಟೆ, ಪೇಪರು. ಬೆರಳು ಎಳೆದಷ್ಟೂ ಅದೇ, ಸೀರೆಯ ಬಣ್ಣ ಬೇರೆ, ಪೇಪರಿನ ಸುದ್ದಿ ಬೇರೆ. ಅವಳು ಮೊದಲು ನಕ್ಕಳು, ಅಯ್ಯೋ ಮುದುಕಿಗೆ ಮರುಳು ಹಿಡಿದಿದೆ ಎಂದು. ನಗು ಅರ್ಧಕ್ಕೆ ನಿಂತಿತು. ದಿನಾ ಸಂಜೆ, ತಮ್ಮನ ಫೋನ್ ಬರುವ ಮುಂಚೆ, ಅಮ್ಮ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದದ್ದು ಯಾಕೆಂದು ಗೊತ್ತಾಯಿತು. ದೇವರೇ, ಅಮ್ಮ ಕಾಪಿ ಹೊಡೆಯುತ್ತಿದ್ದಾಳೆ. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಮ್ಮನ ತಪ್ಪು ಹುಡುಕಿದೆನಲ್ಲ, ಈ ಚೀಟಿ ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ! ಅವಳನ್ನು ತಮ್ಮನ ಮುಂದೆ ಸುಳ್ಳುಬುರುಕಿ ಮಾಡಿದ್ದು ಅಮ್ಮನ ನೆನಪಲ್ಲ, ಈ ಚೀಟಿ. ಅವಳ ಕಿವಿ ಬಿಸಿಯಾಯಿತು. ಬಚ್ಚಲಿನಲ್ಲಿ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು, ನಿಲ್ಲುವುದು, ಮತ್ತೆ ಸುರಿಯುವುದು. ಕಿಟಕಿಗಳು ಎತ್ತರದಲ್ಲಿದ್ದವು, ಅವಳು ಹುಡುಗಿಯಾಗಿದ್ದಾಗಿನ ಆ ಪರೀಕ್ಷೆ ಹಾಲಿನಲ್ಲಿ, ಹೊರಗಿನದು ಏನೂ ಕಾಣದ ಹಾಗೆ, ಬೆಂಚಿನ ಮೇಲೆ ಯಾರೋ ಕೆತ್ತಿದ ಹೆಸರು ಮೊಣಕೈಗೆ ಒತ್ತುತ್ತಿತ್ತು, ಮತ್ತು ಅಮ್ಮನ ಚಪ್ಪಲಿಯ ಸದ್ದು ಹಿಂದಿನಿಂದ ಬರುತ್ತಿತ್ತು, ನಿಂತಿತು. ಮಗಳೇ ಎನ್ನಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ನಂಬರು ಕರೆದಳು. ಎದ್ದೇಳು. ಕೈ ತೆಗಿ. ಲಂಗದ ಮಡಿಕೆಯಿಂದ ಚೀಟಿಯನ್ನು ತಾನೇ ತೆಗೆದು, ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದು, ಇದೇನು ಎಂದು ಕೇಳಿದಳು, ಗೊತ್ತಿಲ್ಲದವಳ ಹಾಗೆ. ಆ ಅಕ್ಷರ ಕಲಿಸಿದವಳೇ ಅವಳು. ಹಿಂದಿನ ಬೆಂಚಿನಿಂದ ಯಾರೋ ಹದ್ದಿನ ಮರಿ ಸಿಕ್ಕಿಬಿತ್ತು ಎಂದು ಪಿಸುಗುಟ್ಟಿದರು. ಅವಳ ಓದಿನ ಒಂದು ವರ್ಷ ಹೋಯಿತು, ಜೊತೆಯವರೆಲ್ಲ ಮುಂದೆ ಹೋದರು. ಅವತ್ತು ಸಂಜೆ ಮನೆಯಲ್ಲಿ ಅಮ್ಮ ಏನೂ ಆಗಿಲ್ಲವೆಂಬಂತೆ ಬಡಿಸಿ, ಇನ್ನೊಂದು ಸ್ವಲ್ಪ ಹಾಕಲಾ ಎಂದು ಕೇಳಿದಳು. ಅವತ್ತಿನಿಂದ ಇವತ್ತಿನವರೆಗೆ ಆ ವಿಷಯವನ್ನು ಒಬ್ಬರೂ ಎತ್ತಿಲ್ಲ. ಅವಳು ಕಾಯುತ್ತಲೇ ಇದ್ದಳು, ಮದುವೆಯಲ್ಲಿ, ಅಪ್ಪ ಹೋದಾಗ, ಅಮ್ಮ ಪೆಟ್ಟಿಗೆ ತೆಗೆದುಕೊಂಡು ಈ ಮನೆಗೆ ಬಂದಾಗ. ಒಂದು ಮಾತು, ಒಂದೇ ಒಂದು ಮಾತು. ಸ್ನಾನಕ್ಕೆ ಹೋಗುವಾಗ ತಿರುಗಿ ನೋಡಿದ ಅಮ್ಮನ ಮುಖವನ್ನು ಎಲ್ಲಿ ನೋಡಿದ್ದೆನೆಂದು ಅವಳಿಗೆ ಈಗ ನೆನಪಾಯಿತು. ಆ ದಿನ ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡಿದ್ದಳು.

ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಆರಿಸಿದಳು. ಅಮ್ಮನ ಫೋನು ಕನ್ನಡದಲ್ಲಿ ಮಾತಾಡುತ್ತಿತ್ತು, ಟೀಚರಿಗೆ ತಕ್ಕ ಶುದ್ಧ ಕನ್ನಡದಲ್ಲಿ. ನಕಲಿಸಿ, ಅಥವಾ ಸ್ಥಳಾಂತರಿಸಿ, ಎಂದು ಕೇಳಿತು. ನಕಲು ಎಂಬ ಆ ಪದದ ಮೇಲೆ ಅವಳ ಬೆರಳು ಹೋಗಲೇ ಇಲ್ಲ. ಹೆಡ್‌ಮಾಸ್ತರರ ಕೋಣೆಯಲ್ಲಿ ಅವಳ ಹೆಸರಿನ ಮುಂದೆ ಬರೆದ ಪದ ಅದೇ. ನಕಲು ಮಾಡಿ ಸಿಕ್ಕಿಬಿದ್ದಿರುತ್ತಾಳೆ. ಅಮ್ಮನೇ ಬರೆದದ್ದು, ದುಂಡಗೆ. ಇಷ್ಟು ವರ್ಷದ ಮೇಲೂ, ಯಾರೂ ಇಲ್ಲದ ಕೋಣೆಯಲ್ಲಿ, ಒಂದು ಯಂತ್ರದ ಮುಂದೆ ಕೂಡ, ಅವಳಿಗೆ ನಕಲು ಮಾಡಲು ಮನಸ್ಸು ಬರಲಿಲ್ಲ. ಸ್ಥಳಾಂತರಿಸಿ ಎಂಬುದನ್ನು ಒತ್ತಿದಳು. ಸಣ್ಣ ಗೆರೆಯೊಂದು ತುಂಬುತ್ತಾ ಹೋಯಿತು, ಅದರ ಮೇಲೆ ಫೋಟೋಗಳು ಒಂದೊಂದಾಗಿ ಮಿನುಗಿ ಮರೆಯಾದವು. ಗುಂಡಿ, ಚಿಲಕ, ತಟ್ಟೆ. ಚಿಕ್ಕಮ್ಮ! ಅಮ್ಮನ ತಂಗಿ, ಇದೇ ಮನೆಯ ಮಂಚದ ತುದಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಾ, ಬಾಯಿ ತೆರೆದು ನಗುತ್ತಾ. ತೀರಿಕೊಂಡು ವರ್ಷದ ಮೇಲಾಯಿತು. ಅದಾದ ಮೇಲೆ ಅಮ್ಮ ದಿನಾ ಕೇಳುತ್ತಿದ್ದಳು, ತಂಗಿ ಯಾಕೆ ಬರಲಿಲ್ಲ ಎಂದು, ದಿನಾ ಹೇಳಬೇಕಾಗಿತ್ತು, ದಿನಾ ಅಮ್ಮ ಹೊಸದಾಗಿ ಕೇಳಿದವಳಂತೆ ಗೋಡೆಗೆ ಆತು ಕುಸಿಯುತ್ತಿದ್ದಳು. ಒಂದು ದಿನ ಅವಳು ತಾಳ್ಮೆಗೆಟ್ಟು, "ಸತ್ತಳಮ್ಮ! ಎಷ್ಟು ಸಲ ಸಾಯಿಸ್ಲಿ ಅವಳನ್ನ?" ಎಂದು ಕಿರುಚಿದ್ದಳು. ಆಮೇಲೆ ಅಮ್ಮ ಕೇಳುವುದನ್ನು ನಿಲ್ಲಿಸಿದ್ದಳು. ಮರೆತಿರಬೇಕು, ಮರೆವೂ ಒಂದು ವರವೇ ಎಂದು ಅವಳು ಅಂದುಕೊಂಡಿದ್ದಳು. ಕಿತ್ತಳೆಯ ಬೆನ್ನಿಗೇ ಬಂದದ್ದು ಒಂದು ಹಾಳೆಯ ಫೋಟೋ. ದುಂಡು ಅಕ್ಷರ, ಪೂರ್ಣವಿರಾಮಗಳೆಲ್ಲ ಜಾಗದಲ್ಲಿ. ತಂಗಿ ತೀರಿಕೊಂಡಿದ್ದಾಳೆ. ಮಗಳನ್ನು ಮತ್ತೆ ಕೇಳಬೇಡ. ಅವಳಿಗೆ ಬೇಸರವಾಗುತ್ತದೆ. ಗೆರೆ ತುಂಬಿತು.

ಎಲ್ಲವೂ ಸರಿಯಾಗಿ ಬಂದಿದೆಯೇ ಎಂದು ತೆರೆದು ನೋಡಿದಳು. ಬಂದಿದ್ದವು. ಆದರೆ ಮೇಲೆ ಒಂದೇ ಒಂದು ತಲೆಬರಹವಿತ್ತು: ಇಂದು. ಕೆಳಗೆ ಎಳೆದಳು, ಇನ್ನೂ ಎಳೆದಳು. ಮಳೆಗಾಲದ ಪೇಪರೂ ಇಂದು, ಬೇಸಗೆಯ ಪೇಪರೂ ಇಂದು. ನೀಲಿ ಸೀರೆ, ಹಸಿರು ಸೀರೆ, ಹಳದಿ ಸೀರೆ, ಎಲ್ಲಾ ಇಂದು. ತೆಗೆದ ದಿನವನ್ನು ಬಿಟ್ಟು ಕಾರ್ಡಿಗೆ ಬಂದ ದಿನವನ್ನೇ ಪೆದ್ದು ಫೋನು ಹಿಡಿದುಕೊಂಡಿತ್ತು. ನಕಲಿಸಿದ್ದರೆ ಫೋನಿನೊಳಗಿನವು ಹಳೆಯ ದಿನದಲ್ಲೇ ಉಳಿದಿರುತ್ತಿದ್ದವು, ಅಲ್ಲಿಂದ ಮತ್ತೆ ಹೇಗಾದರೂ ಸರಿಮಾಡಬಹುದಿತ್ತು. ಈಗ ಅಲ್ಲಿ ಏನೂ ಇಲ್ಲ. ಇದರಿಂದ ಏನಾಗುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಕ್ತ ಪರೀಕ್ಷೆಯ ಕೇಂದ್ರದಲ್ಲಿ ಅವಳ ಕೆಲಸವೇ ಅದು; ರಕ್ತ ತೆಗೆಯುವವರು ಬೇರೆ, ಕೊಳವೆಗೆ ಹೆಸರು ತಾರೀಖಿನ ಚೀಟಿ ಅಂಟಿಸುವವಳು ಅವಳು, ಅಂಟಿಸಿ ಅಂಟಿಸಿ ಬೆರಳ ತುದಿ ಎಷ್ಟು ನುಣುಪಾಗಿದೆಯೆಂದರೆ ಅವಳ ಸ್ವಂತ ಫೋನು ಅವಳ ಗುರುತು ಹಿಡಿಯುವುದಿಲ್ಲ. ಚೀಟಿ ತಪ್ಪಿದರೆ ಗಟ್ಟಿಮುಟ್ಟಾದವನು ರೋಗಿಯಾಗುತ್ತಾನೆ. ಅವನ ರಕ್ತ ಎಷ್ಟು ಶುದ್ಧವಾಗಿದ್ದರೇನು, ಕೇಳುವವರಿಲ್ಲ. ಹೇಳಿಬಿಡಬೇಕು ಎಂದುಕೊಂಡಳು. ಅಮ್ಮ, ಇದನ್ನ ನಂಬಬೇಡ, ಎಲ್ಲಾ ಕಲಸಿಹೋಗಿದೆ. ಒಂದು ವಾಕ್ಯ ಅಷ್ಟೆ. ಬಚ್ಚಲ ಬಾಗಿಲು ತೆರೆಯಿತು. ಅಮ್ಮ ಒದ್ದೆ ಕೂದಲಿನಲ್ಲೇ ಬಂದು ಕೈ ಚಾಚಿದಳು. "ಆಯ್ತಾ?" "ಆಯ್ತು." "ಎಲ್ಲಾ ಇದ್ಯಾ?" "ಎಲ್ಲಾ ಇದೆ ನೋಡು, ಬೇಕಾದಷ್ಟು ಜಾಗ ಆಗಿದೆ," ಎಂದಳು ಅವಳು. ಅದರಲ್ಲಿ ಸುಳ್ಳು ಏನೂ ಇರಲಿಲ್ಲ.

ಮಧ್ಯಾಹ್ನದವರೆಗೆ ಅವಳು ಹಾಗೆ ಸುಳ್ಳು ಹೇಳದೆ ಕಳೆದಳು. ಮಾತ್ರೆ ಕೊಡಲು ಹೋದಾಗ ಅಮ್ಮ ಗೋಡೆಯ ಕಡೆ ತಿರುಗಿ ಫೋನನ್ನು ಒಂದು ಸಲ ನೋಡಿ, "ತಗೊಂಡಾಯ್ತಲ್ಲೇ," ಎಂದಳು. ತಗೊಂಡಿರಲಿಲ್ಲ. ತಟ್ಟೆ ಹಾಕಿ ಊಟಕ್ಕೆ ಕರೆದಾಗ ಅಮ್ಮ ಬಂದಳು, ಅನ್ನದ ಆವಿಯ ಕಡೆ ಆಸೆಯಿಂದಲೇ ನೋಡಿದಳು, ಮತ್ತೆ ಮಡಿಲಿನಲ್ಲಿದ್ದ ಫೋನಿನತ್ತ ಕಣ್ಣು ಹಾಯಿಸಿ, ಮುಜುಗರದಿಂದ ನಕ್ಕು, "ಎರಡೆರಡು ಸಲ ಉಣ್ಣೋಕೆ ನಾನೇನು ಹೊಟ್ಟೆಬಾಕಿಯೇನೇ?" ಎಂದು ಎದ್ದುಹೋದಳು. ಅವಳು ಅಮ್ಮನ ತಟ್ಟೆಯ ಅನ್ನವನ್ನು ತನ್ನ ತಟ್ಟೆಗೆ ಸುರಿದುಕೊಂಡು ನಿಧಾನವಾಗಿ ಉಂಡಳು. ಗಂಟಲಲ್ಲಿ ಇಳಿಯಲಾರದು ಎಂದುಕೊಂಡಿದ್ದಳು. ಇಳಿಯಿತು, ಚೆನ್ನಾಗಿಯೇ ಇಳಿಯಿತು. ನಾನು ಏನು ಮಾಡಿದೆ, ಏನೂ ಮಾಡಿಲ್ಲ, ಜಾಗ ಮಾಡಿಕೊಡು ಎಂದಳು, ಮಾಡಿಕೊಟ್ಟೆ. ಕಾಪಿ ಹೊಡೆಯದೆ ಪರೀಕ್ಷೆ ಬರೆಯಲಿ, ಪಾಸಾದರೆ ಇರಲಿ. ಅಷ್ಟೇ ತಾನೆ ನಾನು ಕೇಳುತ್ತಿರುವುದು, ಎಂದು ತಟ್ಟೆ ತೊಳೆಯುತ್ತಾ ಯಾರಿಗೋ ಹೇಳಿದಳು. ಒಳಗಿನಿಂದ ಹಸಿದ ಹೊಟ್ಟೆಯ ಅಮ್ಮ, ಹಾಲಿನವನು ಬಂದಿದ್ದನೇ ಎಂದು ಕೇಳಿ, ಅವಳು ಉತ್ತರ ಕೊಡುವ ಮುಂಚೆಯೇ, "ಓ, ಬಂದಿದ್ದಾನೆ ಬಂದಿದ್ದಾನೆ," ಎಂದು ತಾನೇ ಹೇಳಿಕೊಂಡಳು.

ತಮ್ಮ ಬಂದವನು ಮೊದಲು ಅಮ್ಮನ ಕಾಲ ಬಳಿ ಕೂತ. ಡಾಕ್ಟರು ತಮ್ಮನಿಗಿಂತ ಚಿಕ್ಕವಳು, ದನಿ ಬಹಳ ಮೆದು. ಚೀಲವನ್ನು ನೆಲದ ಮೇಲಿಟ್ಟು, ಬರೀ ಮಾತಾಡಲು ಬಂದಿದ್ದೇನೆ ಎಂದು ನಕ್ಕಳು. ಅಮ್ಮ ಮೋಸಹೋಗುವವಳಲ್ಲ. ಎಷ್ಟು ಪರೀಕ್ಷೆ ನಡೆಸಿದವಳು! "ಒಂದ್ನಿಮಿಷ, ಬಚ್ಚಲಿಗೆ ಹೋಗಿ ಬರ್ತೀನಿ," ಎಂದು ಎದ್ದಳು, ಸೆರಗಿನ ಒಳಗೆ ಫೋನು ಹಿಡಿದುಕೊಂಡು. ಮಗಳಿಗೆ ನಗು ಬಂತು; ಪರೀಕ್ಷೆಯ ಹೊತ್ತಿಗೆ ಬಚ್ಚಲಿಗೆ ಹೋಗುವ ಮಕ್ಕಳನ್ನು ಇದೇ ಅಮ್ಮ ಬಾಗಿಲಲ್ಲಿ ತಡೆದು ಅಂಗೈ ನೋಡುತ್ತಿದ್ದಳು. ಅಮ್ಮ ಬಹಳ ಹೊತ್ತು ಬರಲಿಲ್ಲ. ತಮ್ಮ ಅವಳ ಕಡೆ ನೋಡಿ, "ಅಮ್ಮ ಸ್ವಲ್ಪ ಇಳಿದುಹೋಗಿದಾಳಲ್ಲಕ್ಕ, ಊಟ ಸರಿಯಾಗಿ ಮಾಡ್ತಿದಾಳಾ?" ಎಂದ. "ಮಾಡು ಅಂದ್ರೆ ಆಯ್ತು ಅಂತಾಳೆ," ಎಂದಳು. ಬಾಗಿಲು ತೆರೆದು ಅಮ್ಮ ಬಂದಾಗ ಮುಖ ತೊಳೆದುಕೊಂಡಿದ್ದಳು, ಕಣ್ಣು ಕೆಂಪಗಿದ್ದವು, ಬೆನ್ನು ಮಾತ್ರ ನೆಟ್ಟಗಿತ್ತು.

"ಇವತ್ತು ಬೆಳಗ್ಗಿಂದ ಏನೇನ್ ಮಾಡಿದ್ರಿ ಹೇಳಿ ಅಮ್ಮ," ಎಂದಳು ಡಾಕ್ಟರು. ಅಮ್ಮ ಶುರು ಮಾಡಿದಳು. ಮಾತ್ರೆ ತಗೊಂಡೆ. ಊಟ ಆಯಿತು. ಗ್ಯಾಸ್ ಆಫ್ ಮಾಡಿದೆ. ತಮ್ಮ ಹೆಮ್ಮೆಯಿಂದ ಅಕ್ಕನ ಕಡೆ ನೋಡಿದ. ಪೇಪರಿನಲ್ಲಿ ಸೇತುವೆ ಕುಸಿದಿದೆ, ಎಂದಳು ಅಮ್ಮ. ಕುಸಿದದ್ದು ಎಂದೋ. ಚುನಾವಣೆಯ ಫಲಿತಾಂಶ ಬಂದಿದೆ. ನೆಲ ಒರೆಸುವವಳು ನೀಲಿ ಸೀರೆ ಉಟ್ಟು ಬಂದಳು, ಹಸಿರು ಸೀರೆ ಉಟ್ಟು ಬಂದಳು. ತಮ್ಮನ ಮುಖದ ನಗು ಹಾಗೇ ಉಳಿದಿತ್ತು, ತೆಗೆಯಲು ಮರೆತವನ ಹಾಗೆ. "ಮನೆಗೆ ಯಾರಾದ್ರೂ ಬಂದಿದ್ರಾ ಇವತ್ತು?" ಅಮ್ಮ ಕೈ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡಳು. "ನನ್ನ ತಂಗಿ ಬಂದಿದ್ಲು. ಇಲ್ಲೇ ಮಂಚದ ಮೇಲೆ ಕೂತಿದ್ಲು. ಕಿತ್ತಳೆ ಸುಲೀತಿದ್ಲು, ನಗ್ತಿದ್ಲು." ದನಿ ಒಂದು ಸಲ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡಳು. "ಆಮೇಲೆ ತೀರ್ಕೊಂಡ್ಲು. ಇವತ್ತೇ." ತಮ್ಮ, "ಅಮ್ಮಾ…" ಎಂದ. "ಚೆನ್ನಾಗೇ ಇದ್ಲು ಕಣೋ ಬೆಳಗ್ಗೆ. ಈಗ ತಾನೇ ಗೊತ್ತಾಯ್ತು ನಂಗೆ, ಬಚ್ಚಲಲ್ಲಿ." ಆಮೇಲೆ ಡಾಕ್ಟರ ಕಡೆ ಬಗ್ಗಿ, ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಇವಳನ್ನ ಕೇಳಬೇಡಿ. ಇವಳಿಗೆ ಬೇಸರ ಆಗತ್ತೆ."

ಆಗ ಹೇಳಬಹುದಿತ್ತು. ಅವಳು ನೋಡಿದ್ದು ತಮ್ಮನನ್ನು. ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡು, "ಅಕ್ಕ, ನಾನು ನಿನ್ನ ಮಾತು ನಂಬಲಿಲ್ಲ, ತಪ್ಪಾಯ್ತು," ಎಂದ. ಇಷ್ಟು ವರ್ಷದಲ್ಲಿ ಈ ಮನೆಯವರು ಯಾರಾದರೂ ಅವಳಿಗೆ ತಪ್ಪಾಯಿತು ಎಂದದ್ದು ಇದೇ ಮೊದಲು. ಬೇಕಾದವರ ಬಾಯಿಂದ ಬರಲಿಲ್ಲ, ಆದರೂ ಬಂತು. ಅದನ್ನು ಬಾಯಿ ತೆರೆದು ಹಾಳು ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಅಮ್ಮ ಎಲ್ಲರ ಮುಖವನ್ನೂ ನೋಡಿದಳು, ಏನೋ ತಪ್ಪಾಗಿದೆಯೆಂದು ತಿಳಿದುಕೊಂಡಳು, ಏನೆಂದು ತಿಳಿಯಲಿಲ್ಲ. ಕೈ ಸೆರಗಿನೊಳಗೆ ಜಾರಿತು. ಮಗಳು ಎದ್ದು ಹೋಗಿ ಅಮ್ಮನ ಎದುರು ನಿಂತಳು. "ಕೊಡು ಇಲ್ಲಿ," ಎಂದಳು. ಅಮ್ಮ ಗಲ್ಲ ಎತ್ತಿ ಅವಳನ್ನು ನೋಡಿದಳು, ಕೈ ಹೊರಗೆ ಬಂತು, ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಫೋನು ಬೆಚ್ಚಗಿತ್ತು. ಅವಳು ಅದನ್ನು ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

ತಮ್ಮನೂ ಡಾಕ್ಟರೂ ಮೆಟ್ಟಿಲ ಹತ್ತಿರ ನಿಂತು ಮಾತಾಡುತ್ತಿದ್ದರು. ಆ ಜಾಗದಲ್ಲಿ ಈಗ ಒಂದು ಕೋಣೆ ಖಾಲಿಯಿದೆ, ತಡ ಮಾಡಬಾರದು ಎಂಬಿಷ್ಟು ಕೇಳಿಸುತ್ತಿತ್ತು. ಒಳಗೆ ಅವಳು ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದಳು. ಅಮ್ಮ ಮಂಚದ ತುದಿಯಲ್ಲಿ, ಚಿಕ್ಕಮ್ಮ ಕಿತ್ತಳೆ ಸುಲಿದ ಜಾಗದಲ್ಲಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಈಗಲೇ ಕೇಳಬೇಕು, ಇನ್ನು ಯಾವಾಗ? ಗೆದ್ದವಳು ನಾನು, ಸೋತವಳಿಗೆ ಯಾಕೆ ಸೋತಳೆಂದು ಗೊತ್ತಿರಬೇಕಲ್ಲ. ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟು ಅಮ್ಮನ ಎದುರು ನೆಲದ ಮೇಲೆ ಕೂತಳು. "ಅಮ್ಮ, ಪರೀಕ್ಷೆ ಹಾಲಲ್ಲಿ ನನ್ನ ಹಿಡಿದ್ಯಲ್ಲ, ಎಲ್ಲರ ಮುಂದೆ. ಚೀಟಿ ಎತ್ತಿ ತೋರಿಸಿದ್ಯಲ್ಲ. ಯಾಕಮ್ಮ ಹಾಗೆ ಮಾಡಿದೆ? ಒಂದು ಸಲ ನೋಡದೇ ಇರೋ ಹಾಗೆ ಮುಂದೆ ಹೋಗಬಹುದಿತ್ತಲ್ಲ?" ದನಿ ಹುಡುಗಿಯ ದನಿಯಾಯಿತು. ಅಮ್ಮ ಅವಳ ಮುಖವನ್ನು ಬಹಳ ಗಮನವಿಟ್ಟು ನೋಡಿದಳು. ಹಣೆ ಗಂಟು ಹಾಕಿಕೊಂಡಳು, ತುಟಿ ಅಲ್ಲಾಡಿಸಿದಳು. ಈ ಒಂದು ಪ್ರಶ್ನೆಗಾದರೂ ಸರಿಯಾದ ಉತ್ತರ ಕೊಡಬೇಕೆಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಹುಡುಕುತ್ತಿರುವುದು ಕಾಣುತ್ತಿತ್ತು. ಆಮೇಲೆ ಮಡಿಲಿನಲ್ಲಿದ್ದ ಕೈಯನ್ನು ಮೆಲ್ಲಗೆ ಅವಳ ಮುಂದೆ ಚಾಚಿದಳು.

"ಫೋನ್ ಕೊಡೇ," ಎಂದಳು. "ನೋಡಿ ಹೇಳ್ತೀನಿ."